ಏಳನೆಯ ಹಾಡು ಮತ್ತು ನನ್ನ ಪ್ರಗತಿ ವರದಿ

ಮಹಾದೇವ ಕೆಲವರನ್ನು ಎತ್ತಿ ಆಡಿಸುತ್ತಾನೆ, ಕೆಲವರನ್ನು ಇಳಿಸಿ ಆಡಿಸುತ್ತಾನೆ. ನನ್ನನ್ನು ಮಾತ್ರ ನಡುವೆ ತೂಗುಹಾಕಿ ಮರೆತಂತಿದೆ. ದೂರುತ್ತಿಲ್ಲ, ಬೆಳಗಿನ ದೀಪ ಇವತ್ತಿಗೂ ತಪ್ಪಿಸಿಲ್ಲ. ಆದರೆ ಪಿಎಚ್.ಡಿ.ಗೆ ಹೆಸರು ಬರೆಸಿದ ಮೇಲೆ ನನಗೆ ಇಂಥವೇ ಆಗುತ್ತ ಬಂದವು.

ಆಗ ನಾನು ಮಲಯಾಳ ಸೀಮೆಯ ತೃಶ್ಶಿಲೇರಿ ಹತ್ತಿರ ಶಾಲಾ ಮಾಸ್ತರ. ವಿಶ್ವವಿದ್ಯಾಲಯ ಗಡಿಯಾಚೆ, ಕರ್ನಾಟಕದಲ್ಲಿ. ವಿಷಯ, ನಮ್ಮೂರ ಕಾಡಂಚಿನ ಆದಿವಾಸಿ ಹಾಡಿಯವರ ಏಳು ಹಾಡುಗಳು. ಆರನ್ನು ನಾಟಿ, ಕಳೆ, ಕೊಯ್ಲಿನಲ್ಲಿ ಹಾಡುತ್ತಾರೆ, ಅವನ್ನೆಲ್ಲ ಬರೆದುಕೊಂಡಿದ್ದೆ. ಏಳನೆಯದು ಸತ್ತವರನ್ನು ದಾಟಿಸುವ ಹಾಡು. ಸಾವಿಲ್ಲದೆ ಬಾಯಿಗೆ ತಂದರೆ ಹಾಡು ತಾನೇ ಒಬ್ಬರನ್ನು ಹುಡುಕಿಕೊಳ್ಳುತ್ತದಂತೆ. ಅದನ್ನು ಪೂರ್ತಿ ಬಲ್ಲವನು ಹಾಡಿಯ ಹಿರಿಯ ಒಬ್ಬನೇ. ಎಲ್ಲರೂ ಅವನನ್ನು ಮೂಪ್ಪ ಎನ್ನುತ್ತಿದ್ದರು.

೧. ಅಡಚಣೆಗಳ ಕಾಲಂ

ಆರು ತಿಂಗಳಿಗೊಮ್ಮೆ ಪ್ರಗತಿ ಪರಿಶೀಲನೆ. ಮೂವರು ಪ್ರೊಫೆಸರರು, ಎದುರಿಗೆ ನಾನು.

"ಏಳನೆಯ ಹಾಡು?"

"ಯಾರೂ ಸತ್ತಿಲ್ಲ ಸಾರ್."

"ಕಳೆದ ಸಲವೂ ಇದನ್ನೇ ಹೇಳಿದಿರಿ. ವಯಸ್ಸಾದವರು ಯಾರೂ ಇಲ್ಲವೇನ್ರೀ ಅಲ್ಲಿ?"

"ಇದ್ದಾರೆ ಸಾರ್. ದೇವರ ದಯದಿಂದ ಚೆನ್ನಾಗಿದ್ದಾರೆ."

ನನ್ನ ಮಾರ್ಗದರ್ಶಕರು ತಲೆ ತಗ್ಗಿಸಿದರು. ಒಂದು ವರ್ಷದೊಳಗೆ ಹಾಡು ಬರದಿದ್ದರೆ ನೋಂದಣಿ ರದ್ದು ಎಂದರು ಅಧ್ಯಕ್ಷರು. 'ಪ್ರಗತಿ ತೃಪ್ತಿಕರವಲ್ಲ' ಎಂದು ಬರೆದು, 'ಅಡಚಣೆಗಳು' ಎಂಬಲ್ಲಿ 'ಊರಿನವರ ಆರೋಗ್ಯ' ಎಂದು ತುಂಬಿದರು.

೨. ಕಿತ್ತಳೆ

ಮೂಪ್ಪನ ಅಕ್ಕ ಜ್ವರ ಬಂದು ಮಲಗಿದ್ದಾಳೆಂದು ಕಿತ್ತಳೆ ಹಿಡಿದು ಹೋದೆ. ಅಜ್ಜಿ ಕಣ್ಣು ತೆರೆಯದೆ ಕೇಳಿದಳು, "ಮಾಷೇ, ನೋಟ್‌ಬುಕ್ ತಂದೀಯಾ?"

"ಚೀಲದಲ್ಲಿದೆ."

"ಹೊರಗಿಟ್ಟು ಬಾ. ಅದು ಕಂಡ್ರೆ ಮೈ ಬಿಸಿ ಏರ್ತದೆ."

ನಾಚಿಕೆಯಾಯಿತು. ಸೀದಾ ದೇವಸ್ಥಾನಕ್ಕೆ ಹೋಗಿ ಅವಳಿಗಾಗಿ ಮನಸಾರೆ ಬೇಡಿಕೊಂಡೆ. ಆ ವರ್ಷ ಮಹಾದೇವ ಕೂಡಲೇ ನಡೆಸಿಕೊಟ್ಟ ಪ್ರಾರ್ಥನೆ ಅದೊಂದೇ. ವಾರದೊಳಗೆ ಅಜ್ಜಿ ಗದ್ದೆಗಿಳಿದಳು.

ಮುಂದಿನ ಪರಿಶೀಲನೆಗೆ, ಯಾರೂ ಸತ್ತಿಲ್ಲವೆಂದು ಹೇಳಿಬರಲು, ಗಡಿ ದಾಟಿ ಹೋದೆ. ಮೂರನೆಯ ದಿನ ಮರಳಿದರೆ ಅಜ್ಜಿಯ ಗುಡಿಸಲ ಬಾಗಿಲು ಮುಚ್ಚಿತ್ತು.

"ನೀ ಬಸ್ಸು ಹತ್ತಿದ ದಿನವೇ ಹೋದ್ಳು, ಹಾಡಿ ದಾಟಿಸಿದ್ದೂ ಆಯ್ತು," ಎಂದ ಮೂಪ್ಪ. "ಮಾಷ್ ಬಂದನಾ ಅಂತ ಎರಡು ಸಲ ಕೇಳಿದ್ಳು. ನೋಟ್‌ಬುಕ್ ಒಳಗೇ ತರ್ಲಿ ಅಂದ್ಳು."

ನಾನು ಅಲ್ಲೇ ಕುಳಿತು ಅತ್ತೆ. ಮೂಪ್ಪ ಬೆನ್ನು ಸವರಿದ. "ಅಳಬೇಡ. ನಾನೂ ಮುದುಕನೇ, ಹೆಚ್ಚು ದಿನ ಇಲ್ಲ." ಎಲೆಯಡಿಕೆ ಬಾಯಿಗಿಟ್ಟುಕೊಂಡು, "ಆದ್ರೆ ಆಗ ಹಾಡೋರು ಯಾರು?" ಎಂದ.

೩. ಕೊಕ್ಕರೆಯ ವಿಚಾರಣೆ

ಅದು ನಕ್ಸಲರ ಕಾಲ. ಕೂಲಿ ಭತ್ತ ಹೆಚ್ಚಿಸಿ, ಉಳುವ ನೆಲ ಕೊಡಿ ಎಂದು ಹಾಡಿಯವರು ಗದ್ದೆಗಿಳಿಯುವುದನ್ನು ನಿಲ್ಲಿಸಿದ್ದರು. ಹಾಡಿಗೆ ಹೋಗಿಬರುವವರೆಲ್ಲ ಪೊಲೀಸರ ಕಣ್ಣಿನಲ್ಲಿ. ನನ್ನನ್ನೂ ಕರೆದೊಯ್ದರು. ಸಬ್‌ಇನ್ಸ್‌ಪೆಕ್ಟರಿಗೆ ಕನ್ನಡ ಓದಲು ಬಾರದು, ನೋಟ್‌ಬುಕ್ಕಿನ ತುಂಬ ಗುಪ್ತಲಿಪಿ ಎಂದೇ ಅವರ ನಂಬಿಕೆ. ಎರಡು ದಿನ ಕೂರಿಸಿ ಆರು ಹಾಡನ್ನೂ ಮಲಯಾಳದಲ್ಲಿ ಬಿಡಿಸಿ ಹೇಳಿಸಿದರು.

"ಈ ಹೊಳೆ ದಾಟಿದ ಕೊಕ್ಕರೆ ಯಾರು?"

"ಕೊಕ್ಕರೆಯೇ ಸಾರ್."

"ಹಾಗಾದರೆ ಯಾಕೆ ದಾಟಿತು?"

ಐದು ವರ್ಷದಲ್ಲಿ ನನ್ನ ಮಾರ್ಗದರ್ಶಕರು ಅಷ್ಟು ಒಳ್ಳೆಯ ಪ್ರಶ್ನೆ ಕೇಳಿರಲಿಲ್ಲ. ಕೃತಜ್ಞತೆಯಿಂದ ಒಂದು ಗಂಟೆ ಉತ್ತರಿಸಿದೆ. ಅವರು ನಿಜಕ್ಕೂ ಮೆಚ್ಚಿ, ಇನ್ನೇನು ಬಿಟ್ಟುಬಿಡುವವರಿದ್ದರು. ಅಷ್ಟರಲ್ಲಿ, "ಏಳು ಹಾಡು ಎಂದಿರಲ್ಲ, ಏಳನೆಯದು ಎಲ್ಲಿ?" ಎಂದರು.

ಸುಳ್ಳು ಹೇಳಿ ಅಭ್ಯಾಸವಿಲ್ಲ. "ಅದಕ್ಕೆ ಒಬ್ಬರು ಸಾಯಬೇಕು ಸಾರ್," ಎಂದೆ.

ಇನ್ನೂ ಎರಡು ದಿನ ಕೂರಿಸಿದರು.

೪. ಎಳೆಯ ಪ್ರಾಣ

ಕೊನೆಗೆ ನನ್ನನ್ನು ಬಿಟ್ಟರು, ನೋಟ್‌ಬುಕ್ಕನ್ನು ಬಿಡಲಿಲ್ಲ. ಅದರ ಹಿಂದೆಯೇ ಅಂಚೆಯಲ್ಲಿ ಕಾಗದ: ಗಡುವು ಮುಗಿದಿದೆ, ನೋಂದಣಿ ರದ್ದಾಗಿದೆ. ಅದನ್ನು ಹಿಡಿದು ಬೆಳಗ್ಗೆಯೇ ಹಾಡಿಗೆ ಹೋದೆ. ಬೇರೆ ಯಾರಿಗೆ ಹೇಳಲಿ?

ಮೂಪ್ಪ ನನ್ನ ಮುಖ ನೋಡಿದ. "ಯಾರು ಹೋದ್ರು ಮಾಷೇ?"

"ನನ್ನ ಓದು ಸತ್ತಿತು ಮೂಪ್ಪ."

"ಎಷ್ಟು ವಯಸ್ಸು?"

"ಐದು ವರ್ಷ."

"ಎಳೇ ಪ್ರಾಣ," ಎಂದು ನಿಟ್ಟುಸಿರುಬಿಟ್ಟ. "ಸತ್ತದ್ದು ನಿಜ ತಾನೇ? ಎದ್ದು ಬರಲ್ಲ?"

"ರಿಜಿಸ್ಟ್ರಾರರ ಸಹಿ ಇದೆ."

"ಹಾಗಾದ್ರೆ ದಾಟಿಸ್ಬೇಕು. ಅಲೆಯೋಕೆ ಬಿಡಬಾರ್ದು."

ಅಂಗಳ ಸಾರಿಸಿ, ಬಾಳೆಲೆ ಹಾಸಿ, ಕಾಗದವನ್ನು ಅದರ ಮೇಲೆ ಮಲಗಿಸಿದರು. ಹಾಡಿಯವರೆಲ್ಲ ಸುತ್ತ ಕುಳಿತರು. ಅವರ ಚರ್ಮವಾದ್ಯ ತುಡಿ ಬಡಿಯತೊಡಗಿತು. ಮಹಾದೇವ, ಕೊನೆಗೂ ಕಣ್ಣು ಬಿಟ್ಟೆಯಲ್ಲ ಎಂದುಕೊಂಡು ಚೀಲದಿಂದ ಮಕ್ಕಳ ಕಾಪಿಪುಸ್ತಕವೊಂದನ್ನೂ ಪೆನ್ನನ್ನೂ ತೆಗೆದೆ.

"ಅದನ್ನ ಕೆಳಗಿಡು," ಎಂದ ಮೂಪ್ಪ. "ನೀನು ಸತ್ತೋರ ಮನೆಯವನು."

ಸತ್ತವರ ಮನೆಯವನ ಬೊಗಸೆಗೆ ಭತ್ತ ತುಂಬುವುದು ಅವರ ಪದ್ಧತಿ. ಹಾಡು ಮುಗಿಯುವವರೆಗೆ ಒಂದು ಕಾಳೂ ಬೀಳಬಾರದು, ಬಿದ್ದರೆ ಹೋದವರ ದಾರಿ ಕಡಿಯುತ್ತದೆ.

ಬಿಸಿಲು ಇಳಿಯುವವರೆಗೆ ಹಾಡಿದ. ನಾನು ಒಂದು ಸಾಲನ್ನು ಬಾಯಿಪಾಠ ಮಾಡುವಷ್ಟರಲ್ಲಿ ಇಪ್ಪತ್ತು ಸಾಲು ಹೊಳೆ ದಾಟಿರುತ್ತಿತ್ತು. ಆಮೇಲೆ ಆ ಪ್ರಯತ್ನವನ್ನೂ ಬಿಟ್ಟು ಸುಮ್ಮನೆ ಕೇಳಿದೆ, ಸುಮ್ಮನೆ ಅತ್ತೆ. ಒಂದು ಕಾಳೂ ಬೀಳಿಸಲಿಲ್ಲ.

ಮುಗಿದ ಮೇಲೆ ಅವನ ಕಾಲು ಹಿಡಿದೆ. "ಇನ್ನೊಂದು ಸಲ, ಮೂಪ್ಪ."

"ಒಬ್ಬರನ್ನ ಎರಡು ಸಲ ದಾಟಿಸಲ್ಲ ಮಾಷೇ," ಎಂದ. ನನ್ನನ್ನು ನೋಡಿ ಅವನಿಗೂ ಕರುಳು ಚುರುಕ್ಕೆಂದಿರಬೇಕು, ಹೆಗಲ ಮೇಲೆ ಕೈಯಿಟ್ಟ.

"ಇನ್ನೊಂದು ಓದಿಗೆ ಹೆಸರು ಬರೆಸು. ಅದು ಹೋದಾಗ ಹಾಡ್ತೀನಿ."