ಏಳನೆಯದಾಗಿ ಬರೆದ ಕಣ್ಣಾಸ್ಪತ್ರೆಯನ್ನು ಮೊದಲನೆಯದಾಗಿಸುವ ಬಗ್ಗೆ

ಇಂದ:
ಟಬಿತಾ ವೆಂಡ್ಲಿಂಗ್,
ವೈದ್ಯಕೀಯ ಅಂತಿಮ ವರ್ಷ,
ಡೇಟನ್, ಓಹಾಯೊ.

ಗೆ:
ಮಾನ್ಯ ಗಣಕಯಂತ್ರದವರು,
ನೇತ್ರವೈದ್ಯ ಅಭ್ಯರ್ಥಿಗಳನ್ನೂ ಆಸ್ಪತ್ರೆಗಳನ್ನೂ ಗಂಟುಹಾಕುವ ಕಚೇರಿ.

ವಿಷಯ: ಬೀಗ ಬಿದ್ದ ಆದ್ಯತಾ ಪಟ್ಟಿಯನ್ನು ಐದು ನಿಮಿಷ ತೆರೆದುಕೊಡುವ ಕುರಿತು.

ಉಲ್ಲೇಖ: 1. ನಿನ್ನೆ ಮಧ್ಯಾಹ್ನ ಹನ್ನೆರಡಕ್ಕೆ ಮುಗಿದ ಗಡುವು.
2. ಹನ್ನೆರಡೂ ಕಾಲಿಗೆ ಅರ್ಜಿದಾರಳಿಗೆ ಬಂದ ಬುದ್ಧಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಸದರಿ ಅರ್ಜಿದಾರಳು ನಿವೇದಿಸುವುದೇನೆಂದರೆ, ಕಣ್ಣಿನ ವೈದ್ಯಳಾಗಲು ಆಕೆ ಮುಂದಿನ ನಾಲ್ಕು ವರ್ಷ ಯಾವ ಆಸ್ಪತ್ರೆಯಲ್ಲಿ ದುಡಿಯಬೇಕೆಂಬುದು ತಮ್ಮ ಕೈಯಲ್ಲಿದೆ. ಆಕೆ ತನಗೆ ಬೇಕಾದ ಆಸ್ಪತ್ರೆಗಳ ಪಟ್ಟಿ ಕೊಡುತ್ತಾಳೆ, ಆಸ್ಪತ್ರೆಗಳು ತಮಗೆ ಬೇಕಾದವರ ಪಟ್ಟಿ ಕೊಡುತ್ತವೆ, ತಾವು ಎರಡನ್ನೂ ನೋಡಿ ಗಂಟು ಹಾಕುತ್ತೀರಿ. ಹಾಕಿದ ಗಂಟನ್ನು ಬಿಚ್ಚುವಂತಿಲ್ಲ. ಇದೆಲ್ಲ ತಮಗೆ ಗೊತ್ತಿರುವುದೇ ಆದರೂ ಅರ್ಜಿಯಲ್ಲಿ ಬರೆಯುವುದು ವಾಡಿಕೆ.

1. ಕಳೆದ ಡಿಸೆಂಬರಿನಲ್ಲಿ ಅರ್ಜಿದಾರಳು ಮಿನ್ನೆಸೋಟದ ಎಲ್ಬೋ ಫಾಲ್ಸ್ ಎಂಬ ಊರಿನ ಆಸ್ಪತ್ರೆಗೆ ಸಂದರ್ಶನಕ್ಕೆ ಹೋದಳು. ಅಲ್ಲಿನ ಮುಖ್ಯಸ್ಥೆ ಡಾ. ಓಡಗಾರ್ಡ್ ಅವರು ಆಕೆಯ ಕೈ ಎಷ್ಟು ನಾಜೂಕೆಂದು ನೋಡಲು ಒಂದು ದ್ರಾಕ್ಷಿ ಕೊಟ್ಟು, ಸೂಕ್ಷ್ಮದರ್ಶಕದ ಕೆಳಗಿಟ್ಟು ಸಿಪ್ಪೆ ಸುಲಿಯಲು ಹೇಳಿದರು. ಸದರಿ ದ್ರಾಕ್ಷಿಯು ಸಿಡಿದು, ರಸವು ಸದರಿ ಮುಖ್ಯಸ್ಥೆಯ ಎಡಗಣ್ಣಿಗೆ ಹಾರಿತು.

"ಮೂವತ್ತು ವರ್ಷದಿಂದ ಊರೋರ ಕಣ್ಣಿಗೆಲ್ಲ ಹನಿ ಹಾಕ್ತಿದೀನಿ ಕಣಮ್ಮ," ಎಂದರು ಅವರು ಕಣ್ಣೊರೆಸಿಕೊಳ್ಳುತ್ತ. "ನನ್ನ ಕಣ್ಣಿಗೆ ಹಾಕಿದೋಳು ನೀನೇ ಮೊದಲು. ತಗೋ, ಇನ್ನೊಂದು ಸುಲಿ."

2. ಇನ್ನೊಂದೂ ಸಿಡಿಯಿತು. ಮಧ್ಯಾಹ್ನ ಅಲ್ಲಿನ ಕಿರಿಯ ವೈದ್ಯರು ಆಲೂಗಡ್ಡೆ ಹೊದಿಸಿ ಬೇಯಿಸಿದ ಹಾಟ್‌ಡಿಷ್ ಬಡಿಸುತ್ತ, "ಇವಳ ಮುಂದೆ ದ್ರಾಕ್ಷಿ ಮಾತ್ರ ಇಡಬೇಡ್ರಪ್ಪಾ," ಎಂದು ಕಾಲೆಳೆದರು. ಅರ್ಜಿದಾರಳು ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ಹದಿಮೂರು ಸಂದರ್ಶನಗಳಲ್ಲಿ ಆಕೆಗೆ ಇಲ್ಲೇ ಇದ್ದುಬಿಡೋಣ ಅನ್ನಿಸಿದ್ದು ಅದೊಂದೇ ಕಡೆ.

3. ಕಾರಣ, ಆಕೆ ಅದನ್ನು ಏಳನೆಯದಾಗಿ ಬರೆದಳು.

4. ಈ ಕಾರಣಕ್ಕೂ ಒಂದು ಕಾರಣವಿದೆ. ಮುಖ್ಯಸ್ಥೆಯ ಕಣ್ಣಿಗೇ ರಸ ಹಾರಿಸಿದವಳನ್ನು ಯಾರು ಸೇರಿಸಿಕೊಂಡಾರು, ಅವರಿಗೆ ಮೊದಲ ಸ್ಥಾನ ಕೊಟ್ಟರೆ ದಂಡವಾದೀತು ಎಂದು ಆಕೆ ಯೋಚಿಸಿದಳು. ಆದ್ದರಿಂದ ಆ ಸ್ಥಾನವನ್ನು, ತನ್ನನ್ನು ದಿನವಿಡೀ "ಟಿಫನಿ" ಎಂದು ಕರೆದ ಒಂದು ದೊಡ್ಡಾಸ್ಪತ್ರೆಗೆ ಕೊಟ್ಟಳು. ಶಾಲೆಯ ನೃತ್ಯಕೂಟಕ್ಕೂ ಆಕೆ ಹೀಗೆಯೇ, ಮನಸ್ಸಿನಲ್ಲಿದ್ದ ಹುಡುಗನನ್ನು ಬಿಟ್ಟು, ಇಲ್ಲ ಎನ್ನಲಾರದವನನ್ನು ಕರೆದಿದ್ದಳು. ಅವನೂ ಇಲ್ಲ ಎಂದ.

5. ಗಡುವು ಮುಗಿದ ಮೇಲೆ, ಜೊತೆಯಲ್ಲಿ ವಾಸವಿರುವ ಗೆಳತಿ ಡೆಲ್ಫೀನ್ ಪಟ್ಟಿ ನೋಡಿ ಹಣೆ ಚಚ್ಚಿಕೊಂಡಳು.

"ಏ ಪೆದ್ದಿ, ಅದು ಮೊದಲು ನಿನ್ನ ಒಂದನೇದನ್ನ ಕೇಳುತ್ತೆ. ಅವರು ಬೇಡ ಅಂದ್ರೆ ಎರಡನೇದು. ಎಲ್ಬೋ ಫಾಲ್ಸನ್ನ ಮೇಲೆ ಬರೆದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಅವರು ಬೇಡ ಅಂದ್ಬಿಟ್ಟಿದ್ರೆ?"

"ಅಂದ್ರೆ ಅನ್ಲಿ! ಅವರು ಅನ್ನೋಕೆ ಮುಂಚೆ ನೀನೇ ಅಂದ್ಬಿಟ್ಟಿದೀಯಲ್ಲೇ!"

(ಗೆಳತಿಯು ತಮ್ಮನ್ನು "ಅದು" ಎಂದದ್ದಕ್ಕೆ ಅರ್ಜಿದಾರಳು ಕ್ಷಮೆ ಕೋರುತ್ತಾಳೆ.)

6. ಕೂಡಲೇ ಅರ್ಜಿದಾರಳು ಸ್ನಾನದ ಮನೆಗೆ ಹೋಗಿ ಚೆನ್ನಾಗಿ ಅತ್ತಳು.

ಆದ್ದರಿಂದ, ಪಟ್ಟಿಯನ್ನು ಐದು ನಿಮಿಷ ತೆರೆದು, ಏಳನ್ನು ಒಂದಾಗಿಸಲು ಅವಕಾಶ ಕೊಡಬೇಕಾಗಿ ಪ್ರಾರ್ಥನೆ.

ತಮ್ಮ ಗಂಟಿಗೆ ಕೊರಳೊಡ್ಡಿರುವ ವಿಶ್ವಾಸಿ,
(ಸಹಿ)
ಟಬಿತಾ (ಟಿಫನಿ ಅಲ್ಲ)

ಲಗತ್ತುಗಳು:
ಪಟ್ಟಿಯ ನಕಲು.
ಸಿಡಿಯದೆ ಸುಲಿದ ಒಂದು ದ್ರಾಕ್ಷಿಯ ಛಾಯಾಚಿತ್ರ (ನಿನ್ನೆ ಸಂಜೆ, ನಲವತ್ತೊಂದನೆಯ ಪ್ರಯತ್ನ).
ಡೆಲ್ಫೀನಳ ಹೇಳಿಕೆ, ಬೈಗುಳ ತೆಗೆದದ್ದು. ಅರ್ಧ ಪುಟ.

ವಿ.ಸೂ.: ಬೀಗ ತೆರೆಯಲು ನಿಯಮದಲ್ಲಿ ಅವಕಾಶವಿಲ್ಲದಿದ್ದಲ್ಲಿ, ಮೇಲಿನ ಆರೂ ಆಸ್ಪತ್ರೆಗಳು ಅರ್ಜಿದಾರಳನ್ನು ಬೇಡವೆನ್ನುವಂತೆ ದಯವಿಟ್ಟು ನೋಡಿಕೊಳ್ಳಬೇಕು. ಆರೂ ತಿರಸ್ಕಾರಗಳಿಗೆ ಆಕೆಯ ಪೂರ್ಣ ಒಪ್ಪಿಗೆಯಿದೆ. ಏಳನೆಯವರು ಏನೆನ್ನುತ್ತಾರೋ, ಅದನ್ನು ಆಕೆ ಈ ಸಲ ಅವರ ಬಾಯಿಂದಲೇ ಕೇಳಬೇಕಾಗಿದೆ.