ನೊರಿ ಬರದ ಬಾಟ್ಲಿ, ದೊಡ್ಡವ್ವನ ತಲಿ

ನಮ್ಮ ಸಣ್ಣವ್ವ ಮಂದಿ ಮುಖ ನೋಡಂಗಿಲ್ಲರೀ. ಖರೇನ ಹೇಳಾಕತ್ತೀನಿ! ಸೀದಾ ತಲಿ ನೋಡ್ತಾಳ. ನೀವು ಆಕಿ ಮುಂದ ನಿಂತು "ಅರಾಮದೀರೇನ್ರಿ?" ಅಂತ ಕೇಳ್ರಿ ಬೇಕಾದ್ರ. ನಿಮ್ಮ ಹಣಿಗಿಂತ ಒಂದು ಗೇಣು ಮ್ಯಾಲ ಕಣ್ಣು ಇಟ್ಟು, "ನಾ ಅರಾಮದೀನಪ್ಪ, ನಿನ್ನ ಕೂದಲ ಅರಾಮಿಲ್ಲ" ಅಂತಾಳ.

ಸಣ್ಣವ್ವ ಅಂದ್ರ ನಮ್ಮವ್ವನ ತಂಗಿ. ರಾಯಚೂರಾಗ ನಮ್ಮ ಓಣಿ ಹಿಂದಿನ ಓಣಿಯಾಗ ಅದಾಳ. ಅಂಗನವಾಡಿ ಟೀಚರ್ ಆಗಿ ರಿಟೈರ್ ಆಗ್ಯಾಳ. ಆದ್ರ ತಲಿ ನೋಡೋ ಕೆಲಸದಿಂದ ಯಾರೂ ಆಕಿನ್ನ ರಿಟೈರ್ ಮಾಡಿರಲಿಲ್ಲ.

ಆಕಿ ಲೆಕ್ಕದಾಗ ಜಗತ್ತಿನ್ಯಾಗ ಇರೋದು ಮೂರ ಜಾತಿ ಕೂದಲ. ಒಂದು ಭತ್ತದ ಹುಲ್ಲು. ಅಂದ್ರ ನೆಟ್ಟಗ, ಒಣಾ ಒಣಾ. ಇನ್ನೊಂದು ಹತ್ತಿ. ತೆಳ್ಳಗ, ಫ್ಯಾನ್ ಹಾಕಿದ್ರ ಹಾರಿಹೋಗೋದು. ಮೂರನೇದ್ದು ಜಾಲಿ ಕಂಟಿ. ಸುರುಳಿ ಸುರುಳಿ, ಒಂದಕ್ಕೊಂದು ಸಿಗಿಬಿದ್ದು ಗಂಟಾಗೋದು. ಹುಲ್ಲಿಗೆ ಎಣ್ಣಿ ಸಾಕಂತ, ಹತ್ತಿಗೆ ಏನೂ ಬ್ಯಾಡಂತ. ಜಾಲಿ ಕಂಡ್ರ ಮಾತ್ರ ಆಕಿಗೆ ನಿದ್ದಿ ಬರಂಗಿಲ್ಲ!

ಮತ್ತ ನಂದು? ಒಂದಿನ ಕೇಳೇ ಬಿಟ್ಟೆ. ಮೂವತ್ತಕ್ಕ ಉದರಾಕ ಹತ್ತಿ ನಲವತ್ತಕ್ಕ ಮುಗದುಹೋದ ತಲಿ ನಂದು. ಕಿವಿ ಮ್ಯಾಲ ಆ ಕಡಿಗೆ ನಾಕು, ಈ ಕಡಿಗೆ ನಾಕು ಉಳದಾವ.

"ನಿಂದು ಯಾವ ಟೈಪೂ ಅಲ್ಲಲೇ," ಅಂದ್ಲು. "ನಿಂದು ಸುಗ್ಗಿ ಮುಗದ ಹೊಲ."

ಅಂಗನವಾಡಿಯಾಗ ಆಕಿದು ಒಂದು ಕಾಯ್ದೆ ಇತ್ತು. ತತ್ತಿ ಬೇಕಂದ್ರ ಮೊದಲ ಬಂದು ಆಕಿ ಮೊಣಕಾಲ ನಡುವ ಕುಂದರಬೇಕು. ತಲಿ ಬಾಚಿಸಿಕೊಂಡ ಕೂಸಿಗೆ ತತ್ತಿ, ಗಂಟು ಇದ್ದ ಕೂಸಿಗೆ ಮೊದಲ ಎಣ್ಣಿ, ಆಮ್ಯಾಲ ತತ್ತಿ. ಒಮ್ಮೆ ಮ್ಯಾಲಿನ ಮೇಡಂ ಹೇಳದ ಕೇಳದ ತಪಾಸಣಿಗೆ ಬಂದ್ರಂತ.

"ಏನ್ರಿ ಟೀಚರ್, ಮಕ್ಕಳ ತೂಕ ಎಲ್ಲಿ ಬರದೀರಿ?"

"ತೋರಸ್ತೀನ್ರಿ ಮೇಡಂ. ನೀವು ಮೊದಲ ಕುಂದರ್ರಿ. ಹಿಂದ ನಿಮ್ಮ ಹೆಳಲು ಗಂಟಾಗ್ಯಾದ."

ಮೇಡಂ ಗದರಸಾಕಂತ ಬಾಯಿ ತೆರೆದ್ರಂತ. ಅಷ್ಟರಾಗ ಬಾಚಣಿಕಿ ತಲಿಯೊಳಗ ಹೋಗಿತ್ತು! ಸಂಜಿ ಮುಂದ ಆ ಮೇಡಂ ಎರಡು ಹೆಳಲು, ಎರಡು ಕೆಂಪು ರಿಬ್ಬನ್ ಕಟ್ಟಿಸಿಕೊಂಡು ಜೀಪ್ ಹತ್ತಿದ್ರು. ತಪಾಸಣಿ ಯಾರು ಯಾರಿಗೆ ಮಾಡಿದ್ರು ಅಂತ ನೀವ ಹೇಳ್ರಿ.

ಗಿಲ್ಲೆಸುಗೂರು ಬಸ್ಸಿನ ಕಥಿ ಇದಕ್ಕಿಂತ ಜೋರದ. ಅದರಾಗ ನಾನೂ ಇದ್ದೆ. ಸಣ್ಣವ್ವನ ಮುಂದಿನ ಸೀಟಿನಾಗ ಒಬ್ಬಾಕಿ ಹುಡುಗಿ ಕಿಟಕಿಗೆ ತಲಿ ಆನಿಸಿ ನಿದ್ದಿ ಹೊಡ್ಯಾಕತ್ತಿದ್ಲು. ಬರೋಬ್ಬರಿ ಜಾಲಿ ಟೈಪು! ಸಣ್ಣವ್ವ ಜರಾ ಹೊತ್ತು ತಡಕೊಂಡ್ಲು, ಬ್ಯಾಗಿನ ಮ್ಯಾಲ ಕೈ ಇಟ್ಲು, ತಗದ್ಲು, ಮತ್ತ ಇಟ್ಲು. ಆಮ್ಯಾಲ ನಾ ನೋಡತಿರಬೇಕಾದ್ರ ಆ ಹುಡುಗಿ ಹೆಳಲು ಬಿಚ್ಚಿ ಬಿಡಸಾಕ ಸುರು ಮಾಡಿಬಿಟ್ಲು.

ಟಿಕೀಟು ಕೊಡಾಕ ಬಂದ ಕಂಡಕ್ಟರ್ ನಿಂತು ನೋಡಿದ. "ಯವ್ವಾ, ಯಾರ ಕೂದಲ ಅವು?"

"ಯಾರವರ ಇರಲಿ ಬಿಡಪ್ಪ, ಗಂಟಾಗ್ಯಾವ."

ಅಷ್ಟರಾಗ ಹುಡುಗಿ ಅವ್ವ ಬಾಜು ಸೀಟಿನಿಂದ ಎದ್ಲು. "ಏಯ್! ನನ್ನ ಮಗಳ ತಲಿಗೆ ಯಾಕ ಕೈ ಹಾಕೀಯಬೇ? ಮಾಟ ಗೀಟ ಮಾಡಾಕೇನು?" ಬಸ್ಸೆಲ್ಲ ಎದ್ದು ನಿಂತಿತು. ನಾನು ಈ ಹೆಣಮಗಳು ಯಾರಂತ ಗೊತ್ತೇ ಇಲ್ಲದವರಂಗ ಕಿಟಕಿ ಹೊರಗ ಹೊಲ ನೋಡಿದೆ. ರಾಯಚೂರು ಬಸ್‌ಸ್ಟ್ಯಾಂಡ್ ಬಂತು. ಗದ್ದಲ ನಿಂತದ್ದು ಕೇಳಿ ತಿರುಗಿದ್ರ, ಆ ಅವ್ವ ತನ್ನ ತಲಿ ಬಿಚ್ಚಿ ಸಣ್ಣವ್ವನ ಮುಂದ ಕುಂತು, "ಇಲ್ಲಿ, ಕಿವಿ ಹಿಂದ ಜರಾ ನೋಡಕ್ಕ" ಅನ್ನಾಕತ್ತಿದ್ಲು!

ನಗ್ರಿ, ನಗ್ರಿ. ನಾವೂ ಭಾಳ ನಕ್ಕೀವಿ. ಆದ್ರ ಸಣ್ಣವ್ವಗ ಯಾಕ ಈ ಹುಚ್ಚು ಅಂತ ನಮ್ಮ ಮನ್ಯಾಗ ಎಲ್ಲಾರಿಗೂ ಗೊತ್ತಿತ್ತು. ಗೊತ್ತಿತ್ತಂತಲೇ ಯಾರೂ ಬ್ಯಾಡ ಅಂದಿಲ್ಲ.

ಅಕ್ಕತಂಗೇರು ಮೂರು ಮಂದಿ. ದೇವದುರ್ಗ ಕಡೀ ಗೂಗಲ್‌ ಅನ್ನೋ ಊರಾಗ ಕೂಲಿ ಮಾಡೋರ ಮನಿ. ಅವ್ವ ಅಪ್ಪ ಹೊತ್ತು ಹುಟ್ಟೂಕ ಮೊದಲ ಕೆಲಸಕ್ಕ ಹೋಗೋರು. ಸಾಲಿಗೆ ಹೋಗೋ ಮುಂಚೆ ಮೂವರೂ ಕಟ್ಟಿ ಮೆಟ್ಟಲ ಮ್ಯಾಲ ಸಾಲಾಗಿ ಕುಂದರೋರಂತ. ಮ್ಯಾಲಿನ ಮೆಟ್ಟಲಿನಾಗ ದೊಡ್ಡವ್ವ, ನಡುವ ನಮ್ಮವ್ವ, ಕೆಳಗ ಸಣ್ಣವ್ವ. ದೊಡ್ಡವ್ವ ನಮ್ಮವ್ವನ ತಲಿ ಬಾಚಬೇಕು, ನಮ್ಮವ್ವ ಸಣ್ಣವ್ವನ ತಲಿ ಬಾಚಬೇಕು. ದೊಡ್ಡವ್ವನ ಹಿಂದ ಯಾರು ಕುಂದರಬೇಕು? ಯಾರೂ ಇಲ್ಲ. ಹಿಂದ ಬರೇ ಬಾಗಲ.

ಮೂವರಾಗ ಜಾಲಿ ಕೂದಲ ಆಕಿದು ಒಬ್ಬಾಕಿದ. ಒಮ್ಮೆ ವಿಷಮಜ್ವರ ಬಂತು. ತಿಂಗಳಾನುಗಟ್ಟಲೆ ಹಾಸಿಗಿ ಹಿಡದ್ಲು. ಎದ್ದಾಗ ಹಿಂದಿನ ಕೂದಲ ಒಂದ ಮುದ್ದಿ ಆಗಿತ್ತು. ಒಂದು ಬಾಟ್ಲಿ ಎಣ್ಣಿ, ಒಂದು ಮಧ್ಯಾಹ್ನ, ಒಬ್ಬರ ಕೈ. ಇಷ್ಟಿದ್ರ ಬಿಡತಿತ್ತು. ಆದ್ರ ಊರಾಗಿನ ಹಿರೇರು ನೋಡಿ, ಜಟಿ ಬಂದದ, ದೇವಿ ಕರದಾಳ ಅಂದ್ರು. ಕತ್ತರಿ ಹಚ್ಚಂಗಿಲ್ಲ, ಬಾಚಣಿಕಿ ಹಚ್ಚಂಗಿಲ್ಲ ಅಂದ್ರು. ಭಂಡಾರ ಹಚ್ಚಿದ್ರು. ಕೊರಳಿಗೆ ಮುತ್ತು ಕಟ್ಟಿ ದೇವಿಗೆ ಬಿಟ್ಟರು. ಸಾಲಿ ಮುಗೀತು, ಮದಿವಿ ಅನ್ನೋದೂ ಮುಗೀತು. ಆಮ್ಯಾಲಿಂದು ಆಕಿ ಯಾವತ್ತೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ತಂಗೇರಿಬ್ಬರೂ ಓದಿದ್ರು. ನಮ್ಮವ್ವ ಮಾನ್ವಿಗೆ ಮದಿವಿಯಾಗಿ ಹೋದ್ಲು, ಸಣ್ಣವ್ವ ಟೀಚರ್ ಆದ್ಲು. ಅವರ ಪಾಟಿ ಪುಸ್ತಕಕ್ಕ ರೊಕ್ಕ ಕಳಸಿದಾಕಿ ದೊಡ್ಡವ್ವ.

ಸಣ್ಣವ್ವ ಈಗ ಬುದ್ಧನ ಫೋಟೋ ಬಿಟ್ರ ಯಾವುದಕ್ಕೂ ಕೈ ಮುಗಿಯಂಗಿಲ್ಲ. ಆದ್ರ ಗಂಟಾದ ತಲಿ ಕಂಡ್ರ ಆಕಿ ಕೈ ಆಕಿ ಮಾತು ಕೇಳಂಗಿಲ್ಲ.

ಹೋದ ವರ್ಷ ದೊಡ್ಡವ್ವ ಭಾಳ ಅಸ್ವಸ್ಥ ಆದ್ಲು. ರಾಯಚೂರು ದವಾಖಾನಿಯಾಗ ತೋರಿಸಿದ್ವಿ. ಮನಿಗೆ ಕರಕೊಂಡು ಹೋಗ್ರಿ, ಇಷ್ಟದ್ದು ಉಣ್ಣಾಕ ಕೊಡ್ರಿ ಅಂದ್ರು. ಹಂಗಂದ್ರ ಏನಂತ ನಿಮಗೂ ಗೊತ್ತದ. ಕುತ್ತಿಗಿ ಎತ್ತಾಕ ಆಗವಲ್ಲದು, ಈ ಕೂದಲ ಭಾರ ಕತ್ತರಿಸಿಬಿಡ್ರಿ ಅಂತನೂ ಹೇಳಿದ್ರು. ದೊಡ್ಡವ್ವ ಎರಡೂ ಕೈಲೆ ಜಟಿ ಹಿಡಕೊಂಡು ಅಳಾಕ ಹತ್ತಿದ್ಲು.

"ಕತ್ತರಿ ಹಚ್ಚಬ್ಯಾಡ್ರಿ. ನಿಮ್ಮ ಮಕ್ಕಳಿಗೆ ಏನರ ಆದ್ರ?"

ಗೂಗಲ್‌ಗೆ ವಾಪಸ್ ಹೋಗೋವಾಗ ಕಾರಿನಾಗ ಸಣ್ಣವ್ವನ ಕೈ ಹಿಡಕೊಂಡು ಮೆಲ್ಲಕ ಅಂದ್ಲು, "ಆದ್ರ ತಂಗಿ, ಹೋಗುವಾಗ ಸಾದಾ ತಲೀಲೆ ಹೋಗಬೇಕಂತ ಆಸಿ ಅದಬೇ. ನಿಮ್ಮಂಗ ಒಂದು ಹೆಳಲು ಹಾಕ್ಕೊಂಡು."

ಆಕಿನ್ನ ಮನಿಗೆ ಬಿಟ್ಟ ಮ್ಯಾಲ ನಾನು ಸಣ್ಣವ್ವಗ ಬೈದೆ. ನೀನರ ತಿಳಿಸಿ ಹೇಳಬಾರದೇನು, ಕತ್ತರಿಸಿದ್ರ ಏನೂ ಆಗಂಗಿಲ್ಲಂತ?

"ಆಕಿ ಅಂಜಿಕಿ ಕೂಡ ವಾದ ಮಾಡಾಕ ಈಗ ಹೊತ್ತಿಲ್ಲಲೇ," ಅಂದ್ಲು. "ಆಕಿ ಕೂದಲ ಕೂಡ ಮಾಡ್ತೀನಿ. ಗಾಡಿ ತಗಿ."

ಗಾಡಿ ಸೀದಾ ರಾಯಚೂರು ಬಜಾರದಾಗಿನ ದೊಡ್ಡ ಫ್ಯಾನ್ಸಿ ಅಂಗಡಿಗೆ ಹೋತು. ಅಂಗಡಿ ಹುಡುಗಿ ಮೊದಲ ನನ್ನ ತಲಿ ನೋಡಿದ್ಲು. ತುಟಿ ಕಚ್ಚಿ ನಗಿ ತಡಕೊಂಡ್ಲು.

"ನನಗಲ್ಲವ್ವ," ಅಂದೆ.

"ಹೇರ್ ಟೈಪ್ ಯಾವುದ್ರಿ ಆಂಟಿ? ಡ್ರೈ, ಆಯ್ಲಿ, ಕರ್ಲಿ..."

"ಜಾಲಿ."

"ಹಂಗೊಂದು ಟೈಪ್ ಇಲ್ರಿ ಆಂಟಿ!"

"ಅದಕ್ಕ ನಿಮ್ಮ ಅಂಗಡಿ ಉದ್ಧಾರ ಆಗಿಲ್ಲ. ಶಾಂಪು ಬ್ಯಾಡ, ಅದರ ನೊರಿ ಕೂದಲಿನ ಜಿಡ್ಡೆಲ್ಲ ತಗದು ಇನ್ನಷ್ಟು ಗಂಟು ಮಾಡ್ತದ. ತೊಳೀಲೂ ಬೇಕು, ಮೆತ್ತಗೂ ಮಾಡಬೇಕು, ಅಂಥಾದ್ದು ತೋರ್ಸು."

ಹುಡುಗಿ ಚುರುಕಿದ್ಲು. ಕ್ಲೆನ್ಸಿಂಗ್ ಕಂಡೀಷನರ್ ಅಂತ ಒಂದು ಸಾಲು ಬಾಟ್ಲಿ ತಂದು ಇಟ್ಲು. ಇದಕ್ಕ ಬ್ಯಾರೆ ಶಾಂಪು ಬ್ಯಾಡ್ರಿ, ನೊರಿ ಬರಂಗಿಲ್ರಿ, ತೆಳ್ಳನ ಕೂದಲಿಗೆ ಈ ಹಗುರಂದು, ದಪ್ಪ ಸುರುಳಿ ಕೂದಲಿಗೆ ಈ ಗಟ್ಟಿದು, ಕೈ ತುಂಬ ಹಾಕಿ ಜರಾ ಹೊತ್ತು ಬಿಡ್ರಿ, ಬುಡದಿಂದ ಬಾಚಬ್ಯಾಡ್ರಿ ತುದಿಯಿಂದ ಬಾಚ್ರಿ ಅಂದ್ಲು. ಸಣ್ಣವ್ವ ಒಂದೊಂದೂ ಬೆರಳಿಗೆ ಹಚ್ಚಿ, ಅಂಬಲಿ ಹದ ನೋಡಿದಂಗ ತಿಕ್ಕಿ ನೋಡಿದ್ಲು. ಒಂದು ನೀರು ನೀರು. ಒಂದು ವಾಸನಿ ಜಾಸ್ತಿ. ಒಂದು ಅಂಟು. ಕೊನೀಗೆ ಬೆಣ್ಣಿಯಂಗಿದ್ದ ಒಂದು ಬಾಟ್ಲಿ ಹಿಡದು ಕೇಳಿದ್ಲು,

"ಇದು ಎಷ್ಟು ಹಳೇ ಗಂಟು ಬಿಡಸ್ತದವ್ವ?"

"ರಾತ್ರಿ ಮಲಗಿ ಎದ್ದಾಗ ಆಗಿರ್ತದಲ್ರಿ, ಅದೆಲ್ಲ ಬಿಡ್ತದ ಆಂಟಿ."

"ನಮ್ಮಕ್ಕ ಮಲಗಿ ಎದ್ದು ಐವತ್ತು ವರ್ಷ ಆತವ್ವ."

ಹುಡುಗಿ ಚಾಷ್ಟಿ ಅಂತ ತಿಳಕೊಂಡು ಪಕಪಕ ನಕ್ಕಳು. ಸಣ್ಣವ್ವನೂ ನಕ್ಕಳು. ನಾನೊಬ್ಬನ ನಗಲಿಲ್ಲ.

ಅಲ್ಲಿಂದ ಪ್ರತಿ ಐತವಾರ ಗೂಗಲ್. ನಾನು ಡ್ರೈವರ್ರೂ ಹೌದು, ನೀರು ಹಾಕೋವನೂ ಹೌದು. ಅದೇ ಹಳೇ ಕಟ್ಟಿ. ದೊಡ್ಡವ್ವನ್ನ ಬಿಸಿಲಿಗೆ ಕುಂದ್ರಿಸಿ, ಬಾಟ್ಲಿ ಬಗ್ಗಿಸಿದ್ರ, ಬ್ಯಾಸಗಿಯಾಗ ಬಿರಿದ ಎರಿ ಹೊಲ ಮಳಿ ಕುಡದಂಗ ಆ ಜಟಿ ಬಾಟ್ಲಿ ಬಾಟ್ಲಿನ ಕುಡೀತು! ಸಣ್ಣವ್ವ ಕೌದಿ ಹೊಲಿಯೋ ಸೂಜಿ ತಗೊಂಡು ತುದಿಯಿಂದ ಒಂದೊಂದ ಎಳಿ ಎಬ್ಬಿಸಾಕಿ.

"ಏನ್ ಹಚ್ಚೀದಿಬೇ? ನನ್ನ ತಲಿ ಬೇಕರಿ ಅಂಗಡಿ ನಾರಿದಂಗ ನಾರಾಕತ್ತದ," ಅನ್ನೋಳು ದೊಡ್ಡವ್ವ.

"ಸುಮ್ಕ ಕುಂದರಕ್ಕ, ಇಲ್ಲಂದ್ರ ಮ್ಯಾಲ ಒಂದು ಚೆರ್ರಿ ಇಡ್ತೀನಿ."

ಓಣಿ ಹೆಣಮಕ್ಕಳು ದೂರ ನಿಂತು ನೋಡೋರು. "ಟೀಚರವ್ವಾ, ದೇವಿ ಜಟಿಗೆ ಏನ್ ಮಾಡಾಕತ್ತಿ?"

"ದೇವಿಗೆ ಜಳಕ ಮಾಡಸಾಕತ್ತೀನಿ. ಬಾ, ನೀನೂ ಕುಂದರು, ನಿನ್ನ ತಲ್ಯಾಗ ಹೇನು ಇಲ್ಲಿಗೇ ಕಾಣಸ್ತಾವ!"

ಅವತ್ತಿಂದ ಯಾರೂ ಹತ್ರ ಬರಲಿಲ್ಲ.

ಒಂದು ಐತವಾರಕ್ಕ ಎರಡು ಬೆರಳಷ್ಟು ಬಿಟ್ರ ಅದ ಹಬ್ಬ. ಒಂದಿನ ತುದಿ ಬಿಡಿಸಿ, ನೀರು ಹಾಕಿ, ಅಂಗೈ ಮ್ಯಾಲ ಇಟ್ಟುಕೊಂಡು ಸಣ್ಣವ್ವ ಬಿಸಿಲಿಗೆ ಹಿಡದ್ಲು. ನಾನು ಬಗ್ಗಿ ನೋಡಿದೆ. ಬುಡದಾಗ ಬೆಳ್ಳಗ ಹಿಂಜಿದ ಅರಳಿ ಹಂಗಿದ್ದ ಕೂದಲ, ತುದಿಯಾಗ ಕರ್ರಗ ಇತ್ತು.

"ಇದು ಸಾಲಿಗೆ ಹೋಗುವಾಗಿನ ಕೂದಲಲೇ," ಅಂದ್ಲು. ಅಷ್ಟ.

ಎಲ್ಲಾ ಬಿಟ್ಟಿತು ಅಂತ ಬರದಿದ್ರ ನಿಮಗೂ ಚಂದ ಅನಸತಿತ್ತು, ನನಗೂ. ಬಿಡಲಿಲ್ಲರೀ. ಐವತ್ತು ವರ್ಷಕ್ಕ ನಮ್ಮ ಐತವಾರ ಸಾಲಲಿಲ್ಲ. ಗೇಣುದ್ದ ಬಿಟ್ಟಿತ್ತು, ಒಂದು ಮುಂಜಾನಿ ಫೋನ್ ಬಂತು.

ನಾವು ಹೋಗೋದ್ರಾಗ ಹಿರೇರು ಕೂಡಿದ್ರು. ಬಿಡಿಸಿದ ಕೂದಲ ನೋಡಿ ಒಬ್ಬ ಮುದುಕ ಸಿಟ್ಟಿಗೆದ್ದ. ಅದನ್ನ ಮತ್ತ ಕೂಡಿಸಿ, ಭಂಡಾರ ಹಚ್ಚಿ, ಜಟಿ ಮಾಡೇ ಮಣ್ಣಿಗೆ ಇಡಬೇಕು ಅಂದ. ಸಣ್ಣವ್ವ ಅಕ್ಕನ ತಲೀ ಕಡೆ ಕುಂತಾಕಿ ಏಳಲಿಲ್ಲ, ದನಿ ಏರಿಸಲೂ ಇಲ್ಲ.

"ಯಪ್ಪಾ, ಐವತ್ತು ವರ್ಷ ಆಕಿ ಇಡೀ ತಲಿ ನೀವು ತಗೊಂಡ್ರಿ. ಗೇಣುದ್ದ ನನಗ ಬಿಡ್ರಿ."

ಮುದುಕ ಹಿಂದ ಸರದ. ಸಣ್ಣವ್ವ ಆ ಗೇಣುದ್ದ ಕೂದಲಾನ ಮೂರು ಎಳಿ ಮಾಡಿ ಹೆಣದ್ಲು. ಬ್ಯಾಗಿನಾಗಿಂದ ಅಂಗನವಾಡಿ ಕೆಂಪು ರಿಬ್ಬನ್ ತಗದು ಕಟ್ಟಿದ್ಲು.

ಆಮ್ಯಾಲ ಸಣ್ಣವ್ವ ಯಾರ ತಲೀನೂ ಮುಟ್ಟಿಲ್ಲ. ಈಗ ಮಂದಿ ಮುಖ ನೋಡಿ ಮಾತಾಡ್ತಾಳ. ಸುರುವಿಗೆ ನಾ ಹೇಳಿದ್ದೆಲ್ಲ ಆಗಿನ ಸಣ್ಣವ್ವನ ಮಾತು.

ಒಂದು ಮಾತು ಹೇಳೂದು ಬಿಟ್ಟೆ. ಅದು ಕೊನೀ ಐತವಾರದ್ದು. ದೊಡ್ಡವ್ವಗ ಜ್ವರ ಇತ್ತು, ಕಣ್ಣು ಮುಚ್ಚಿದ್ಲು. ಹಿಂದ, ಬಾಗಲಕ್ಕ ಬೆನ್ನು ಕೊಟ್ಟು ಸಣ್ಣವ್ವ ಕುಂತಿದ್ಲು. ಬಿಟ್ಟ ಕೂದಲದಾಗ ಬಾಚಣಿಕಿ ಮೊದಲನೇ ಸಲ ಎಲ್ಲೂ ತಡೀದ ಹಾದುಹೋತು. ಆಗ ದೊಡ್ಡವ್ವನ ಎರಡೂ ಕೈ ತಾವ ಎದ್ದು, ಮುಂದ ಬರೇ ಗಾಳಿಯಾಗ ಏನೋ ಹುಡುಕಾಕ ಹತ್ತಿದ್ವು.

"ಏನ್ ಬೇಕಕ್ಕ?"

"ನಡುವಿನಾಕಿ ಎಲ್ಲಿ ಹೋದಳಬೇ? ಕರಿ ಆಕಿನ್ನ."

ನಡುವಿನಾಕಿ ಅಂದ್ರ ನಮ್ಮವ್ವ. ಆಕಿ ತೀರಿಹೋಗಿ ವರ್ಷಗಳಾದ್ವು. ಸಣ್ಣವ್ವನ ಕೈ ನಿಂತಿತು. ನಾನು ತಂಬಿಗಿ ಕೆಳಗಿಟ್ಟೆ. ಹೋಗಿ ದೊಡ್ಡವ್ವನ ಮುಂದ, ಒಂದು ಮೆಟ್ಟಲ ಕೆಳಗ, ಬೆನ್ನು ಕೊಟ್ಟು ಕುಂತೆ.

ಕೈ ಎರಡೂ ನನ್ನ ತಲಿ ಮ್ಯಾಲ ಬಂದ್ವು. ನುಣ್ಣನ ತಲಿ ಮ್ಯಾಲೆಲ್ಲಾ ತಡಕಾಡಿ, ಕಿವಿ ಮ್ಯಾಲಿನ ನಾಕು ಕೂದಲ ಹಿಡದು, ಬೆರಳಿಲೇ ಬಾಚಾಕ ಹತ್ತಿದ್ವು. ಹಿಂದ ಸಣ್ಣವ್ವ ನಗಾಕತ್ತಿದ್ಲೋ ಅಳಾಕತ್ತಿದ್ಲೋ ನೋಡೂಣಂತ ತಿರುಗಿದೆ. ನೆತ್ತಿ ಮ್ಯಾಲ ಪಟ್ಟಂತ ಒಂದು ಏಟು ಬಿತ್ತು.

"ಅಲುಗಾಡಬ್ಯಾಡಬೇ, ಸುಮ್ಕ ಕುಂದರು. ಸಾಲಿಗೆ ಹೊತ್ತಾಗ್ತದ."