ಯಜಮಾನ್ರ ಪೈಪು, ಅಳಿಯಂದ್ರ ಗಾಡಿ ಪೈಪು

ಮನೇಲಿ ಒಬ್ಬರಿಗೆ ಪೈಪು ಹಾಕಿದ್ದರೇ ದಿನಕ್ಕೊಂದು ಪೇಚಾಟ. ಹೊನ್ನೂರಿನ ನಮ್ಮ ಮನೇಲಿ ಆ ವಾರ ಎರಡಿದ್ದವು. ಒಂದು ನಮ್ಮೆಜಮಾನ್ರಿಗೆ, ಇನ್ನೊಂದು ಅಳಿಯಂದ್ರ ಬೈಕಿಗೆ.

ನಮ್ಮೆಜಮಾನ್ರಿಗೆ ಉಚ್ಚೆ ಕಟ್ಟಿಕೊಂಡು, ಕೊಳ್ಳೇಗಾಲದ ಆಸ್ಪತ್ರೇಲಿ ಪೈಪು ಹಾಕಿ, ತುದಿಗೆ ಚೀಲ ಕಟ್ಟಿ ಕಳಿಸಿದ್ದರು. ಪೈಪು ತೆಗೆದ ಮೇಲೆ ತಾವಾಗೇ ಹುಯ್ದರೆ ಸರಿ, ಇಲ್ಲದಿದ್ದರೆ ಮತ್ತೆ ಪೈಪೇ ಅಂದಿದ್ದರು ಡಾಕ್ಟ್ರು. ಅವತ್ತಿಂದ ನನಗೆ ಅದೇ ದಿಗಿಲು. ಅವರಿಗೋ, ಅಳಿಯಂದ್ರ ಕಣ್ಣಿಗೆ ಚೀಲ ಬೀಳಬಾರದು ಅನ್ನೋದೇ ಚಿಂತೆ. ಮೇಲೆ ಟವಲು ಹೊದಿಸಿಕೊಂಡೇ ಕೂರೋರು.

ಪಾತ್ರೆ ತಿಕ್ಕೋ ನಾರು

ನಮ್ಮನ್ನು ಆಸ್ಪತ್ರೆಗೆ ಕರಕೊಂಡು ಹೋಗೋಕೆ ಅಳಿಯಂದ್ರು ಹೂಗ್ಯಂನಿಂದ ಬಂದರು, ಬೈಕು ಹೊಗೆ ಉಗುಳುತ್ತಿತ್ತು. ಇಂಜಿನ್ ಹೊಟ್ಟೇಲಿ ಏಳೋ ಬಿಸಿಗಾಳಿ ಆಯಿಲ್ ಹೊತ್ತುಕೊಂಡು ಏರ್ ಫಿಲ್ಟರಿಗೆ ಹೋಗ್ತಿತ್ತಂತೆ. ಅಳಿಯಂದ್ರೇ ಅಲ್ಲಿಂದ ಪೈಪು ಕಿತ್ತು, ತೂತು ಮುಚ್ಚಿ, ಸೀಟಿನ ಪಕ್ಕ ಒಂದು ಡಬ್ಬಿ ಕಟ್ಟಿ, ಪೈಪು ಅದಕ್ಕೆ ತಿರುಗಿಸಿದರು. ಗಾಳಿ ಹೊರಗೆ ಹೋಗುತ್ತೆ, ಆಯಿಲ್ ಡಬ್ಬೀಲಿ ನಿಲ್ಲುತ್ತೆ ಅಂತ ಹೇಳಿದರು.

ಸಂಜೆ ನೋಡಿದರೆ ನನ್ನ ಹೊಸ ಸ್ಟೀಲ್ ನಾರು ಕಾಣೆ.

"ಡಬ್ಬಿ ಒಳಕ್ಕೆ ತುರ್ಕಿವ್ನಿ ಅತ್ತೆ. ಆಯಿಲು ಅದಕ್ಕೇ ಅಂಟ್ಕತದೆ" ಅಂದರು ಅಳಿಯಂದ್ರು.

ಮಂಚದಿಂದ ನಮ್ಮೆಜಮಾನ್ರು ಮೆಲ್ಲಗೆ ನನ್ನ ಕರೆದರು. "ನಂಗೂ ಒಳಗೆ ಅದ್ನೇ ತುರ್ಕವ್ರೇನಮ್ಮಿ? ಉರಿ ಅಂದ್ರೆ ಉರಿ."

ಸೀರೆ ಚೀಲ

ಮಾರನೇ ದಿನ ನಾವಿಬ್ಬರೂ ಆಟೋದಲ್ಲಿ, ಅಳಿಯಂದ್ರು ಹಿಂದೆ ಬೈಕಲ್ಲಿ. ಉಚ್ಚೆ ಚೀಲ ಯಾರಿಗೂ ಕಾಣದಿರಲಿ ಅಂತ ಕೊಳ್ಳೇಗಾಲದ ರೇಷ್ಮೆ ಸೀರೆ ಅಂಗಡಿ ಚೀಲದೊಳಗೆ ಇಟ್ಟಿದ್ದೆ. ದಾರೀಲಿ ಧನಗೆರೆಯ ಗುರುತಿನ ಹೆಂಗಸೊಬ್ಬಳು ಹತ್ತಿದಳು. ಅವಳ ಕಣ್ಣು ಚೀಲದ ಮೇಲೇ.

"ಮದ್ವೆ ಸೀರೆನಾ ಅಕ್ಕ? ಕೊಡು, ಬಣ್ಣ ನೋಡವ" ಅಂತ ಕೈ ಹಾಕೇಬಿಟ್ಟಳು.

ಇವರು ಕಣ್ಣು ಮುಚ್ಚಿಕೊಂಡರು. ನಾನು ಚೀಲ ಹಿಂದಕ್ಕೆ ಎಳಕೊಂಡೆ.

"ಬಣ್ಣ ಇಡಿಸ್ನಿಲ್ಲ ಕಣವ್ವ. ವಾಪಸ್ ಕೊಡಕ್ಕೇ ಓಯ್ತಾ ಇದೀವಿ."

ಯಾವ ಬಣ್ಣ?

ಆ ಬೆಳಗ್ಗೆ ಹಿತ್ತಲಲ್ಲಿ ನಾನು ಚೀಲ ಖಾಲಿ ಮಾಡೋವಾಗ, ಪಕ್ಕದಲ್ಲೇ ಅಳಿಯಂದ್ರು ತಮ್ಮ ಡಬ್ಬಿ ಖಾಲಿ ಮಾಡ್ತಾ, ನೋಡಿ ಅತ್ತೆ ನೋಡಿ ಅಂತ ತೋರಿಸಿದ್ದರು. ಡಾಕ್ಟ್ರ ಮುಂದೆ ಕೂತಾಗ ಗಾಬರಿಗೆ ಎರಡೂ ತಲೇಲಿ ಕಲಸಿಹೋದವು. ಪೈಪಲ್ಲಿ ಬರೋದು ಯಾವ ಬಣ್ಣ ಅಂತ ಅವರು ಕೇಳಿದರು. ನಮ್ಮೆಜಮಾನ್ರು ನಾಚಿಕೊಂಡು ತಲೆ ಎತ್ತಲಿಲ್ಲ. ನಾನೇ ಹೇಳಿದೆ.

"ಮೊದ್ಲು ಕಪ್ಗಿತ್ತು ಸಾ. ಇವತ್ತು ಮಜ್ಜಿಗೆ ನೊರೆ ಅಂಗೆ ಬತ್ತು. ಆಯಿಲ್ ಜಾಸ್ತಿ ಆಗಿತ್ತಂತೆ, ಕಮ್ಮಿ ಮಾಡುದ್ರು."

ಡಾಕ್ಟ್ರ ಪೆನ್ನು ನಿಂತಿತು. "ಯಾರಮ್ಮ ಕಮ್ಮಿ ಮಾಡಿದ್ದು?"

"ನಮ್ಮಳಿಯ ಸಾ. ಸ್ಪ್ಯಾನರ್ ತಕಂಡು."

ತೊಟ್ಟು ತೊಟ್ಟು

ಪೈಪು ತೆಗೆದರು. ಬಾಟಲಿಗಟ್ಟಲೆ ನೀರು ಕುಡಿಸಿದರು. ಮಧ್ಯಾಹ್ನ ಕಳೆದರೂ ಒಂದು ಹನಿ ಇಲ್ಲ. ಸಂಜೆವರೆಗೂ ನೋಡ್ತೀವಿ, ಆಮೇಲೆ ಮತ್ತೆ ಹಾಕ್ತೀವಿ ಅಂತ ಹೇಳಿಹೋದ ನರ್ಸಮ್ಮ ಹೊಸ ಪೈಪನ್ನೂ ತಂದಿಟ್ಟರು. ಹೊರಗೆ ಹೊಂಗೆ ಮರದ ಕೆಳಗೆ ಕೂತೆವು. ಪಕ್ಕದಲ್ಲಿ ಇನ್ನೊಬ್ಬರು ತಾತ, ಅವರೂ ಹೊಟ್ಟೆ ಹಿಡಿದುಕೊಂಡು ಕೂತಿದ್ದರು. ನಾನು ಕಂಡ ದೇವರಿಗೆಲ್ಲ ಕೈ ಮುಗೀತಿದ್ದೆ.

ಅಳಿಯಂದ್ರು ಸುಮ್ಮನೆ ಕೂರಲಾರದೆ, ಬೈಕಿನ ಡಬ್ಬಿ ತಳದ ಸ್ಕ್ರೂ ಸಡಿಲ ಮಾಡಿ ಕೆಳಗೊಂದು ಖಾಲಿ ತಗಡಿನ ಡಬ್ಬ ಇಟ್ಟರು. ತೊಟ್. ತೊಟ್. ತೊಟ್.

ನಮ್ಮೆಜಮಾನ್ರು ನೆಟ್ಟಗೆ ಕೂತರು. ಅದನ್ನೇ ನೋಡಿದರು. ಆಮೇಲೆ ಟವಲು ಬಿಸಾಕಿ ಎದ್ದರು.

"ಅಳಿಯಂದ್ರೇ, ನಿಲ್ಲುಸ್ಬ್ಯಾಡಿ. ಅಂಗೇ ಬುಡ್ತಾ ಇರಿ."

ಪಂಚೆ ಎತ್ತಿಕೊಂಡು ಕಕ್ಕಸಿಗೆ ಓಡಿದರು. ಡಬ್ಬೀಲಿ ಆಯಿಲ್ ಮುಗಿದು ಸದ್ದು ನಿಂತರೆ ಅಂತ ಅಳಿಯಂದ್ರು ಕುಡಿಯೋ ನೀರನ್ನೇ ತಗಡಿನ ಮೇಲೆ ಸುರೀತಾ ನಿಂತರು. ಬಾಗಿಲಲ್ಲಿದ್ದ ಜನವೆಲ್ಲ ಕಿವಿಗೊಟ್ಟು ಕಾದರು. ಒಳಗಿಂದ ಬಂದ ನಮ್ಮೆಜಮಾನ್ರ ಮುಖ ನೋಡಿಯೇ ನನಗೆ ಗೊತ್ತಾಯಿತು. ಅಲ್ಲೇ ಕೂತು ಅತ್ತುಬಿಟ್ಟೆ.

ಇನ್ನೇನು ಅಳಿಯಂದ್ರು ಬೈಕು ಹತ್ತಬೇಕು, ಪಕ್ಕದ ತಾತ ಬಂದು ಹ್ಯಾಂಡಲ್ ಹಿಡಕೊಂಡರು.

"ಓಗ್ಬ್ಯಾಡಿ ಸಾಮಿ. ನಂದೂ ಇವತ್ತೇ ಬಿಚ್ಚವ್ರೆ."